ಕಾನ್ಫರೆನ್ಸ್‌ಗೆ ಹೊರಡುವ ಮುಂಚೆ ಜೇಬಲ್ಲೊಂದು ಪ್ರಶ್ನೆ ಇರಲಿ: ಸಾಫ್ಟ್‌ವೇರ್ ಕೆಲಸದವರಿಗೆ ಸಮಗ್ರ ಮಾರ್ಗದರ್ಶಿ

ಎರಡು ದಿನದ ಒಂದು ಕಾನ್ಫರೆನ್ಸ್‌ನಲ್ಲಿ ಊಟದ ಸಾಲಿನಲ್ಲಿ ನಿಂತಿದ್ದೆ. ಹಿಂದೆ ನಿಂತಿದ್ದವರು ಸುಮ್ನೆ ಮಾತಿಗೆ ಎಳೆದರು. ಏನು ಕೆಲಸ ಅಂತ ಕೇಳಿದರು. "ಹುಬ್ಬಳ್ಳಿಯಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡ್ತೀವಿ ಸರ್. ತಿಂಗಳ ಕೊನೆ ಬಂತು ಅಂದ್ರೆ ಡೇಟಾಬೇಸ್ ತೆವಳೋಕೆ ಶುರು ಮಾಡುತ್ತೆ. ಯಾಕೆ ಅಂತ ಹುಡುಕ್ತಾ ಇದ್ದೀನಿ" ಅಂದೆ.

"ಪೋಸ್ಟ್‌ಗ್ರೆಸ್ಸಾ? ದೊಡ್ಡ ಟೇಬಲ್‌ನಲ್ಲಿ ಎಷ್ಟು ಸಾಲು ಇದೆ?"

"ಐದು ಕೋಟಿ."

"ಅಪ್‌ಡೇಟ್ ಜಾಸ್ತಿನಾ?"

ಜಾಸ್ತಿ ಅಂದೆ. ಅವರು ತಟ್ಟೆಯನ್ನು ಪಕ್ಕದ ಮೇಜಿನ ಮೇಲಿಟ್ಟು, ಟಿಶ್ಯೂ ಪೇಪರ್ ಮೇಲೆ ಬರೆದು ತೋರಿಸಿದರು. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ನಲ್ಲಿ ಒಂದು ಸಾಲನ್ನು ಅಪ್‌ಡೇಟ್ ಮಾಡಿದರೆ ಹಳೆಯ ಸಾಲು ಅಲ್ಲೇ ಸತ್ತು ಬಿದ್ದಿರುತ್ತದೆ. ಅದನ್ನು ಗುಡಿಸುವುದು ಆಟೋವ್ಯಾಕ್ಯೂಮ್. ಆದರೆ ಏನೂ ಬದಲಾಯಿಸದೆ ಬಿಟ್ಟರೆ, ಟೇಬಲ್‌ನ ಸುಮಾರು 20% ಸಾಲುಗಳು ಸತ್ತ ಮೇಲೆಯೇ ಅದು ಏಳುವುದು. ಐದು ಕೋಟಿಗೆ 20% ಅಂದರೆ ಒಂದು ಕೋಟಿ. ಅಷ್ಟು ಕಸ ಕೂಡುವವರೆಗೂ ಪೊರಕೆ ಮೂಲೆಯಲ್ಲೇ ಇರುತ್ತದೆ. "ಮೊದಲು ಒಂದು ಸಲ ನೀವೇ ವ್ಯಾಕ್ಯೂಮ್ ಓಡಿಸಿ. ಆಮೇಲೆ ಆ ಒಂದು ಟೇಬಲ್‌ಗೆ ಮಾತ್ರ ಆ 20%ರ ಮಿತಿ, ಅಂದ್ರೆ 0.2 ಇರೋದನ್ನ 0.01 ಮಾಡಿ ನೋಡಿ" ಅಂದರು. ಟಿಶ್ಯೂ ನನ್ನ ಕೈಗೆ ಕೊಟ್ಟು ಮೊಸರನ್ನ ಬಡಿಸಿಕೊಂಡು ಹೋದರು.

ಸೋಮವಾರ ಅದನ್ನೇ ಮಾಡಿದೆ. ಆ ತಿಂಗಳ ಕೊನೆಯಲ್ಲಿ ರಾತ್ರಿ ಯಾರೂ ಆಫೀಸಿನಲ್ಲಿ ಕೂರಬೇಕಾಗಲಿಲ್ಲ.

ಆ ಎರಡು ದಿನದಲ್ಲಿ ನಾನು ಕೂತು ಕೇಳಿದ ಟಾಕ್‌ಗಳಲ್ಲಿ ಪೋಸ್ಟ್‌ಗ್ರೆಸ್ ಹೆಸರೇ ಬಂದಿರಲಿಲ್ಲ. ಟಾಕ್‌ಗಳು ಹೇಗಿದ್ದರೂ ಆಮೇಲೆ ಯೂಟ್ಯೂಬ್‌ಗೆ ಬರುತ್ತವೆ, ಮನೆಯಲ್ಲೇ ನೋಡಬಹುದು. ಆ ಟಿಶ್ಯೂ ಪೇಪರ್ ಯೂಟ್ಯೂಬ್‌ಗೆ ಬರುವುದಿಲ್ಲ. ಅದು ಸಿಗಬೇಕಾದರೆ ಎರಡು ಬೇಕು: ನೀವು ಅಲ್ಲಿರಬೇಕು, ನಿಮ್ಮ ಬಾಯಲ್ಲಿ ಒಂದು ಖಚಿತವಾದ ಪ್ರಶ್ನೆ ಇರಬೇಕು. ಇದಕ್ಕೂ ಮೊದಲು ಹೋಗಿದ್ದ ಕಾನ್ಫರೆನ್ಸ್‌ನಲ್ಲಿ ನನ್ನ ಹತ್ತಿರ ಪ್ರಶ್ನೆ ಇರಲಿಲ್ಲ. ಬೆಳಗಿನಿಂದ ಸಂಜೆವರೆಗೆ ಟಾಕ್ ಕೇಳಿ, ಒಂದು ಬಟ್ಟೆ ಚೀಲ, ನಾಲ್ಕು ಸ್ಟಿಕ್ಕರ್ ಹಿಡಿದು ಊರಿಗೆ ಬಂದಿದ್ದೆ. ಆ ವ್ಯತ್ಯಾಸ ಕಂಡ ಮೇಲೆ ನಾನು ಹೋಗುವ ರೀತಿಯೇ ಬದಲಾಯಿತು. ಅದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಉದಾಹರಣೆಗಳು ಸಾಫ್ಟ್‌ವೇರ್‌ನವು, ನನಗೆ ಗೊತ್ತಿರುವುದು ಅದೇ. ಡಾಕ್ಟರು, ಲೈಬ್ರೇರಿಯನ್, ಮೇಷ್ಟ್ರು ಯಾರಾದರೂ ತಮ್ಮ ಕ್ಷೇತ್ರಕ್ಕೆ ಹೊಂದಿಸಿಕೊಳ್ಳಬಹುದು.

ಹೆಜ್ಜೆ 1: ಯಾವುದಕ್ಕೆ ಹೋಗಬೇಕು ಅಂತ ಮೊದಲು ತೀರ್ಮಾನಿಸಿ

ಕಾನ್ಫರೆನ್ಸ್ ಅನ್ನುವ ಒಂದೇ ಹೆಸರಿನಲ್ಲಿ ಬೇರೆ ಬೇರೆ ಜಾತಿಯ ಕಾರ್ಯಕ್ರಮಗಳಿವೆ. ಬೆಂಗಳೂರು ಟೆಕ್ ಸಮಿಟ್ ತಗೊಳ್ಳಿ. 1998ರಲ್ಲಿ ಬೆಂಗಳೂರು ಐಟಿ ಡಾಟ್ ಕಾಂ ಅಂತ ಶುರುವಾದದ್ದು, ರಾಜ್ಯ ಸರ್ಕಾರ ಮುಂದೆ ನಿಂತು ನಡೆಸುತ್ತದೆ. ಅಲ್ಲಿ ಮಂತ್ರಿಗಳು, ಕಂಪನಿ ಮುಖ್ಯಸ್ಥರು, ಸಾಲು ಸಾಲು ಸ್ಟಾಲ್‌ಗಳು. ನೀವು ಸ್ಟಾರ್ಟಪ್ ಮಾಡಿದ್ದೀರಿ, ಗಿರಾಕಿ ಬೇಕು, ಬಂಡವಾಳ ಹಾಕುವವರು ಬೇಕು ಅಂದರೆ ಅದು ಸರಿಯಾದ ಜಾಗ. ಕೋಡ್ ಬರೆಯುವವರಿಗೆ ಅಲ್ಲಿ ಕೆಲಸ ಕಡಿಮೆ.

ಪೈಕಾನ್ ಇಂಡಿಯಾ ಅಂಥದ್ದು ಪೂರ್ತಿ ಬೇರೆ. ಪೈಥಾನ್ ಭಾಷೆ ಬಳಸುವವರು ಸೇರಿ, ಸ್ವಯಂಸೇವಕರೇ ನಡೆಸುವ ಕಾನ್ಫರೆನ್ಸ್ ಅದು. ಮೊದಲನೆಯದು 2009ರಲ್ಲಿ ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲೇ ಆಯಿತು. ಆಮೇಲೆ ಬೇರೆ ಬೇರೆ ಊರು ಸುತ್ತಿ, 2024ರಲ್ಲಿ ನಿಮ್ಹಾನ್ಸ್ ಕನ್ವೆನ್ಷನ್ ಸೆಂಟರ್‌ನಲ್ಲಿ ನಡೆಯಿತು. ಅಲ್ಲಿ ನಿಮ್ಮ ಪಕ್ಕ ಕೂರುವವರು ದಿನವೂ ನಿಮ್ಮ ಹಾಗೇ ಕೋಡ್ ಜೊತೆ ಗುದ್ದಾಡುವವರು. ಇನ್ನು ಮೂರನೆಯದು, ಒಂದು ಕಂಪನಿ ತನ್ನದೇ ಸಾಮಾನು ಮಾರಲು ನಡೆಸುವ ಕಾನ್ಫರೆನ್ಸ್. ಊಟ ಚೆನ್ನಾಗಿರುತ್ತದೆ. ಆ ಕಂಪನಿಯ ಸಾಧನವನ್ನೇ ನೀವು ಬಳಸುತ್ತಿದ್ದರೆ ಹೋಗಿ, ಇಲ್ಲದಿದ್ದರೆ ಬೇಡ.

ಆರಿಸುವುದಕ್ಕೆ ನಾನು ಮಾಡುವುದು ಇಷ್ಟೇ. ಕಳೆದ ವರ್ಷದ ವೇಳಾಪಟ್ಟಿ ತೆಗೆದು ನೋಡುತ್ತೇನೆ. ಎರಡು ಟಾಕ್‌ನ ವಿಡಿಯೋ ಹಾಕಿ, ನೇರ ಕೊನೆಯ ಹತ್ತು ನಿಮಿಷಕ್ಕೆ ಹೋಗುತ್ತೇನೆ. ಅಲ್ಲಿ ಸಭಿಕರ ಪ್ರಶ್ನೆಗಳಿರುತ್ತವೆ. ಆ ಪ್ರಶ್ನೆಗಳು ನಿಮ್ಮ ತಲೆಯಲ್ಲೂ ಓಡುವಂಥವಾದರೆ, ಅಲ್ಲಿಗೆ ಬರುವವರು ನಿಮ್ಮ ಪೈಕಿಯವರು.

ಬೆಂಗಳೂರಿನಲ್ಲೇ ಇರುವವರು ಮೊದಲು ಒಂದು ಸಣ್ಣ ಮೀಟಪ್‌ಗೆ ಹೋಗಿ ಬನ್ನಿ. ಬ್ಯಾಂಗ್‌ಪೈಪರ್ಸ್ ಅನ್ನುವ ಪೈಥಾನ್ ಗುಂಪಿದೆ, ಇಂಥವು ಇನ್ನೂ ಹಲವಾರು ಇವೆ. ಅಲ್ಲಿ ಇಬ್ಬರ ಪರಿಚಯ ಆಗಿದ್ದರೆ, ದೊಡ್ಡ ಕಾನ್ಫರೆನ್ಸ್‌ನಲ್ಲಿ ನೂರಾರು ಜನರ ನಡುವೆ ಎರಡು ಗೊತ್ತಿರುವ ಮುಖ ಸಿಗುತ್ತದೆ. ಅದರ ಧೈರ್ಯವೇ ಬೇರೆ.

ಹೆಜ್ಜೆ 2: ದುಡ್ಡು ಮತ್ತು ರಜೆ

ಟಿಕೆಟ್ ಬೇಗ ತಗೊಂಡರೆ ಅಗ್ಗ. ಆಫೀಸು ಕೊಡುತ್ತದೋ ಇಲ್ಲವೋ ಅಂತ ಕಾಯುತ್ತಾ ಕೂತರೆ ಆ ರಿಯಾಯಿತಿ ತಪ್ಪುತ್ತದೆ. ಆದ್ದರಿಂದ ಮ್ಯಾನೇಜರ್ ಹತ್ತಿರ ಎರಡು ಮೂರು ತಿಂಗಳು ಮುಂಚೆಯೇ ಮಾತಾಡಿ. "ಕಲಿಯೋಕೆ ಹೋಗ್ತೀನಿ" ಅಂದರೆ ಯಾರೂ ಹಣ ಮಂಜೂರು ಮಾಡುವುದಿಲ್ಲ. ನಾನು ಬರೆದ ಮೇಲ್ ನಾಲ್ಕೇ ಸಾಲಿನದು: ನಮ್ಮ ಈ ಎರಡು ತೊಂದರೆಗಳ ಬಗ್ಗೆ ಅಲ್ಲಿ ಇಂಥಿಂಥ ಟಾಕ್ ಇದೆ, ಅವರ ಜೊತೆ ಮಾತಾಡಿ ಬರುತ್ತೇನೆ, ಖರ್ಚು ಇಷ್ಟು, ಬಂದ ವಾರದಲ್ಲೇ ಟೀಮಿಗೆ ಅರ್ಧ ಗಂಟೆ ಹೇಳಿಕೊಡುತ್ತೇನೆ. ಕೊನೆಯ ಸಾಲೇ ಕೆಲಸ ಮಾಡುವುದು.

ಆಫೀಸು ಹಣ ವಾಪಸ್ ಕೊಡುವುದಾದರೆ, ಟಿಕೆಟ್ ಕೊಳ್ಳುವಾಗಲೇ ಕಂಪನಿಯ ಹೆಸರು ಮತ್ತು ಜಿಎಸ್‌ಟಿ ನಂಬರ್ ಹಾಕಿ. ಆಮೇಲೆ ಬಿಲ್ ಬದಲಾಯಿಸಿ ಕೊಡಿ ಅಂತ ಸ್ವಯಂಸೇವಕರ ಹಿಂದೆ ಬೀಳುವುದು ಇಬ್ಬರಿಗೂ ಕಷ್ಟ.

ಹಣಕ್ಕೆ ತೊಂದರೆ ಇದ್ದರೆ ಸಂಕೋಚ ಬೇಡ. ಸಮುದಾಯದವರು ನಡೆಸುವ ಎಷ್ಟೋ ಕಾನ್ಫರೆನ್ಸ್‌ಗಳಲ್ಲಿ ವಿದ್ಯಾರ್ಥಿಗಳಿಗೆ ಕಡಿಮೆ ಬೆಲೆಯ ಟಿಕೆಟ್ ಇರುತ್ತದೆ, ಪ್ರಯಾಣಕ್ಕೂ ವಸತಿಗೂ ಸಹಾಯಧನ ಇರುತ್ತದೆ. ಅರ್ಜಿ ಹಾಕುವವರು ಕಡಿಮೆ, ಯಾಕೆಂದರೆ "ಅದು ನಮ್ಮಂಥವರಿಗಲ್ಲ" ಅಂತ ನಾವೇ ಅಂದುಕೊಳ್ಳುತ್ತೇವೆ. ಅದು ಇರುವುದೇ ನಮ್ಮಂಥವರಿಗೆ. ಬೀದರ್, ರಾಯಚೂರು, ಚಾಮರಾಜನಗರದ ಕಾಲೇಜಿನಲ್ಲಿ ಓದುತ್ತಿರುವವರು ಇದನ್ನು ಓದುತ್ತಿದ್ದರೆ ಖಂಡಿತ ಅರ್ಜಿ ಹಾಕಿ. ಸ್ವಯಂಸೇವಕರಾಗಿ ಹೋಗುವುದು ಇನ್ನೊಂದು ದಾರಿ. ಟಾಕ್ ಕೆಲವು ತಪ್ಪುತ್ತವೆ ನಿಜ. ಆದರೆ ರಿಜಿಸ್ಟ್ರೇಷನ್ ಮೇಜಿನ ಹಿಂದೆ ಕೂತರೆ ಬಂದವರೆಲ್ಲರ ಮುಖ ನೋಡಿದ ಹಾಗೆ ಆಗುತ್ತದೆ.

ಹೆಜ್ಜೆ 3: ಪ್ರಶ್ನೆ ಸಿದ್ಧ ಮಾಡಿಕೊಳ್ಳಿ

ಇಡೀ ಲೇಖನದಲ್ಲಿ ನೀವು ಒಂದೇ ಹೆಜ್ಜೆ ಮಾಡುವುದಾದರೆ ಇದನ್ನು ಮಾಡಿ.

ಹೊರಡುವ ವಾರ ಮುಂಚೆ ಒಂದು ಸಂಜೆ ಕೂತು, ಕೆಲಸದಲ್ಲಿ ನಿಮ್ಮನ್ನು ಕಾಡುತ್ತಿರುವ ಮೂರು ವಿಷಯ ಬರೆಯಿರಿ. ಒಂದೊಂದನ್ನೂ ಎರಡು ವಾಕ್ಯಕ್ಕೆ ಇಳಿಸಿ. "ಡೇಟಾಬೇಸ್ ವೇಗ ಮಾಡೋದು ಹೇಗೆ?" ಅಂತ ಕೇಳಿದರೆ ಯಾರಿಗೂ ಉತ್ತರ ಕೊಡಲು ಆಗುವುದಿಲ್ಲ. "ಐದು ಕೋಟಿ ಸಾಲಿನ ಟೇಬಲ್, ದಿನಕ್ಕೆ ಲಕ್ಷಗಟ್ಟಲೆ ಅಪ್‌ಡೇಟ್, ತಿಂಗಳ ಕೊನೆಯಲ್ಲಿ ಮಾತ್ರ ನಿಧಾನ, ಇಂಡೆಕ್ಸ್ ನೋಡಿಯಾಯ್ತು, ಮುಂದೆ ಎಲ್ಲಿ ನೋಡಲಿ?" ಅಂದರೆ ಎದುರಿನವರ ಕಣ್ಣು ಅರಳುತ್ತದೆ. ಒಂದು ಅಂಕಿ ಇರಲಿ. ಯಾವಾಗ ತೊಂದರೆ ಆಗುತ್ತದೆ ಅನ್ನುವುದು ಇರಲಿ. ನೀವು ಈಗಾಗಲೇ ಏನು ಪ್ರಯತ್ನ ಮಾಡಿದ್ದೀರಿ ಅನ್ನುವುದೂ ಇರಲಿ. ನೀವು ದುಡಿದಿದ್ದೀರಿ ಅಂತ ಗೊತ್ತಾದರೆ ಜನ ಮನಸ್ಸು ಕೊಟ್ಟು ಉತ್ತರಿಸುತ್ತಾರೆ.

ಪ್ರಶ್ನೆಯಲ್ಲಿ ಗಿರಾಕಿಯ ಹೆಸರು, ಪಾಸ್‌ವರ್ಡ್, ಇನ್ನೂ ಹೊರಗೆ ಬಾರದ ಯೋಜನೆ ಇರಬಾರದು. "ಒಂದು ದೊಡ್ಡ ಅಂಗಡಿ ಸರಣಿ" ಅಂದರೆ ಸಾಕು. ಅನುಮಾನ ಇದ್ದರೆ ಮ್ಯಾನೇಜರ್‌ಗೆ ತೋರಿಸಿಕೊಂಡೇ ಹೋಗಿ.

ಇದರ ಜೊತೆ ಕೊಡುವುದಕ್ಕೂ ಒಂದು ಇರಲಿ. ನೀವು ಚೆನ್ನಾಗಿ ಬಲ್ಲ ಒಂದು ವಿಷಯ, ಎಷ್ಟೇ ಸಣ್ಣದಾದರೂ ಸರಿ. ಕನ್ನಡ ಅಕ್ಷರಗಳನ್ನು ಪಿಡಿಎಫ್‌ನಲ್ಲಿ ಸರಿಯಾಗಿ ಮೂಡಿಸುವುದು ನನಗೆ ಗೊತ್ತಿತ್ತು. ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳುವ ಸಮಸ್ಯೆ ಭಾರತದ ಭಾಷೆಗಳಲ್ಲಿ ಬಿಲ್ ಮುದ್ರಿಸುವವರೆಲ್ಲರಿಗೂ ಇದೆ. ಬರೇ ಕೇಳುವವರಾಗಿ ಹೋದರೆ ಕುಗ್ಗುತ್ತೇವೆ, ಅಲ್ವಾ? ಕೊಡುವುದಕ್ಕೂ ಏನೋ ಇದೆ ಅಂದಾಗ ಬೆನ್ನು ನೆಟ್ಟಗಾಗುತ್ತದೆ.

ಹೆಜ್ಜೆ 4: ಪ್ರಯಾಣ

ಹೊರ ಊರಿನಿಂದ ಬರುವವರು ಆದಷ್ಟು ಹಿಂದಿನ ದಿನವೇ ಬಂದುಬಿಡಿ. ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು, ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು ನೇರ ಹಾಲ್‌ಗೆ ಹೋದರೆ ಮಧ್ಯಾಹ್ನದ ಹೊತ್ತಿಗೆ ತೂಕಡಿಕೆ ಬರುತ್ತದೆ. ಮಧ್ಯಾಹ್ನದ ಊಟದ ಹೊತ್ತೇ ನಿಮಗೆ ಬೇಕಾದದ್ದು. ಉಳಿಯುವ ಜಾಗ ಹಾಲ್‌ಗೆ ಹತ್ತಿರ ಇರಲಿ. ಸ್ವಲ್ಪ ದುಬಾರಿಯಾದರೂ ಬೆಂಗಳೂರಿನ ಟ್ರಾಫಿಕ್‌ನಲ್ಲಿ ಕಳೆಯುವ ಎರಡು ಗಂಟೆ ಉಳಿಯುತ್ತದೆ.

ಮಾದಾವರದ ಬಿಐಇಸಿ ಅನ್ನುವ ದೊಡ್ಡ ಪ್ರದರ್ಶನ ಕೇಂದ್ರದಲ್ಲಿ ಕಾರ್ಯಕ್ರಮ ಇದ್ದರೆ ಒಂದು ಅನುಕೂಲ ಇದೆ. 2024ರ ನವೆಂಬರ್‌ನಲ್ಲಿ ಮೆಟ್ರೋ ಹಸಿರು ಮಾರ್ಗ ಮಾದಾವರದವರೆಗೆ ಬಂತು. ನಿಮ್ಮ ರೈಲು ಯಶವಂತಪುರದಲ್ಲಿ ನಿಂತರೆ ಅಲ್ಲೇ ಇಳಿದು ಮೆಟ್ರೋ ಹಿಡಿಯಿರಿ, ಊರೊಳಗೆ ಹೋಗಿ ಬರುವ ಗೋಜಿಲ್ಲ.

ಚೀಲದಲ್ಲಿ: ಪವರ್ ಬ್ಯಾಂಕ್, ಸಣ್ಣ ನೋಟ್‌ಬುಕ್, ಎರಡು ಪೆನ್ನು, ನೀರಿನ ಬಾಟಲಿ, ತೆಳುವಾದ ಸ್ವೆಟರ್. ಎಸಿ ಹಾಲ್‌ಗಳು ವಿಪರೀತ ತಣ್ಣಗಿರುತ್ತವೆ. ಕಾಲಿಗೆ ಹಳೆಯ, ಹೊಂದಿಕೊಂಡ ಶೂ.

ಹೆಜ್ಜೆ 5: ಮೊದಲ ದಿನ ಬೇಗ ಹೋಗಿ

ರಿಜಿಸ್ಟ್ರೇಷನ್ ತೆರೆಯುವ ಹೊತ್ತಿಗೇ ಹೋಗಿ. ಆಗ ಸಾಲು ಚಿಕ್ಕದು, ಕಾಫಿ ಬಿಸಿ, ಬಂದವರೆಲ್ಲ ಒಂಟಿಯಾಗಿ ನಿಂತಿರುತ್ತಾರೆ. ಗುಂಪುಗಳು ಇನ್ನೂ ಕಟ್ಟಿರುವುದಿಲ್ಲ. ಮಾತಾಡಿಸಲು ಇದಕ್ಕಿಂತ ಸುಲಭದ ಹೊತ್ತು ಇಡೀ ದಿನದಲ್ಲಿ ಇನ್ನೊಂದಿಲ್ಲ.

ಕೊರಳಿಗೆ ಹಾಕುವ ಬ್ಯಾಡ್ಜ್ ಕೊಟ್ಟ ತಕ್ಷಣ ನಾನು ಪೆನ್ನು ತೆಗೆದು ನನ್ನ ಹೆಸರನ್ನು ಕನ್ನಡದಲ್ಲೂ ಬರೆಯುತ್ತೇನೆ. ಕೆಳಗೆ ಸಣ್ಣದಾಗಿ ಊರಿನ ಹೆಸರು. ಒಮ್ಮೆ ಕಾಫಿ ಹಿಡಿದು ನಿಂತಿದ್ದಾಗ ಒಬ್ಬ ಹೆಣ್ಣುಮಗಳು ಅದನ್ನು ನೋಡಿ ನೇರ ಬಂದರು. "ಹುಬ್ಬಳ್ಳಿಯವ್ರೇನ್ರಿ? ನಮ್ದು ಧಾರವಾಡ ರೀ." ಅವರು ಈಗ ದೊಡ್ಡ ಡೇಟಾ ಟೀಮ್ ನಡೆಸುತ್ತಾರೆ, ಪುಣೆಯಲ್ಲಿ ಕೆಲಸ. ಅವತ್ತು ಅವರು ತಮ್ಮ ಜೊತೆಯವರು ಆರು ಜನರಿಗೆ ನನ್ನನ್ನು ಪರಿಚಯ ಮಾಡಿಸಿದರು. ಬ್ಯಾಡ್ಜ್ ಮೇಲಿನ ಆ ನಾಲ್ಕು ಕನ್ನಡ ಅಕ್ಷರ ಇಲ್ಲದಿದ್ದರೆ ಇಬ್ಬರೂ ಇಂಗ್ಲಿಷಿನಲ್ಲಿ "ಎಕ್ಸ್‌ಕ್ಯೂಸ್ ಮಿ" ಅಂದು ಪಕ್ಕಕ್ಕೆ ಸರಿದಿರುತ್ತಿದ್ದೆವು.

ಹೆಜ್ಜೆ 6: ಟಾಕ್ ಆರಿಸುವುದು, ನೋಟ್ಸ್ ಬರೆಯುವುದು

ಒಂದೇ ಹೊತ್ತಿಗೆ ಮೂರು ನಾಲ್ಕು ಕಡೆ ಟಾಕ್ ನಡೆಯುತ್ತಿರುತ್ತವೆ. ಎಲ್ಲವನ್ನೂ ತುಂಬಿಕೊಳ್ಳಲು ಹೋಗಬೇಡಿ. ದಿನಕ್ಕೆ ನಾಲ್ಕು ಸಾಕು. ಆರಿಸುವಾಗ ನನ್ನ ಲೆಕ್ಕ ಹೀಗೆ: ಒಂದು ನನ್ನ ಪ್ರಶ್ನೆಗೆ ಹತ್ತಿರದ್ದು, ಒಂದು ನನಗೆ ಏನೂ ಗೊತ್ತಿಲ್ಲದ್ದು, ಉಳಿದವು "ನಾವು ಹೀಗೆ ಮಾಡಲು ಹೋಗಿ ಕೈಸುಟ್ಟುಕೊಂಡೆವು" ಅನ್ನುವಂಥವು. ಸೋತ ಕತೆ ಹೇಳುವವರ ಟಾಕ್ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಹೊಸಬರಿಗಾಗಿ ಇರುವ ಪರಿಚಯದ ಟಾಕ್‌ಗಳನ್ನು ಮನೆಯಲ್ಲಿ ನೋಡಿಕೊಳ್ಳಿ.

ವರ್ಕ್‌ಶಾಪ್ ಇದ್ದರೆ ಮಾತ್ರ ಬಿಡಬೇಡಿ. ಕೈಯಾರೆ ಮಾಡಿ ಕಲಿಯುವುದು ವಿಡಿಯೋದಲ್ಲಿ ಸಿಗುವುದಿಲ್ಲ. ಆದರೆ ಬೇಕಾದ ಸಾಫ್ಟ್‌ವೇರ್ ಎಲ್ಲ ಹಿಂದಿನ ರಾತ್ರಿಯೇ ಹಾಕಿಕೊಂಡಿರಬೇಕು. ನೂರು ಜನ ಒಟ್ಟಿಗೆ ಡೌನ್‌ಲೋಡ್ ಒತ್ತಿದರೆ ಹಾಲ್‌ನ ವೈಫೈ ಅಲ್ಲಿಗೇ ನಿಲ್ಲುತ್ತದೆ.

ಹಾಲ್‌ನಲ್ಲಿ ಸಾಲಿನ ತುದಿಯ ಕುರ್ಚಿಯಲ್ಲಿ ಕೂರಿ. ಟಾಕ್ ನಿಮ್ಮದಲ್ಲ ಅನ್ನಿಸಿದರೆ ಮೆಲ್ಲಗೆ ಎದ್ದು ಹೋಗಬಹುದು. ಅದು ಅಗೌರವ ಅಲ್ಲ. ಹ್ಯಾರಿಸನ್ ಓವನ್ ಅನ್ನುವವರು ಓಪನ್ ಸ್ಪೇಸ್ ಸಭೆಗಳಿಗೆ, ಅಂದರೆ ಏನು ಮಾತಾಡಬೇಕು ಅಂತ ಬಂದವರೇ ಅಲ್ಲೇ ತೀರ್ಮಾನಿಸುವ ಸಭೆಗಳಿಗೆ, "ಎರಡು ಕಾಲಿನ ನಿಯಮ" ಅಂತಲೇ ಒಂದನ್ನು ಮಾಡಿದರು: ನೀವು ಕಲಿಯುತ್ತಲೂ ಇಲ್ಲ, ಕೊಡುತ್ತಲೂ ಇಲ್ಲ ಅನ್ನಿಸಿದರೆ ನಿಮ್ಮ ಕಾಲು ಬಳಸಿ ಬೇರೆ ಕಡೆ ಹೋಗಿ. ನಮ್ಮಲ್ಲಿ ಇದಕ್ಕೆ ತುಂಬಾ ಮುಜುಗರ ಪಡುತ್ತೇವೆ. ಪಡಬೇಡಿ.

ನೋಟ್ಸ್ ವಿಷಯದಲ್ಲಿ ಒಂದು ಅಭ್ಯಾಸ ನನಗೆ ತುಂಬಾ ಉಪಕಾರ ಮಾಡಿದೆ. ಪುಟದ ಮೇಲೆ ಉದ್ದಕ್ಕೆ ಗೆರೆ ಎಳೆದು ಎರಡು ಭಾಗ ಮಾಡುತ್ತೇನೆ. ಎಡಕ್ಕೆ ಕೇಳಿದ್ದು. ಬಲಕ್ಕೆ "ಸೋಮವಾರ" ಅಂತ ತಲೆಬರಹ. ಆಫೀಸಿಗೆ ಹೋಗಿ ನಿಜವಾಗಿಯೂ ಮಾಡಿ ನೋಡುವಂಥದ್ದು ಮಾತ್ರ ಬಲಕ್ಕೆ ಹೋಗುತ್ತದೆ. ಎರಡು ದಿನದ ಕೊನೆಗೆ ಎಡಕ್ಕೆ ಹತ್ತು ಪುಟ ತುಂಬಿರುತ್ತದೆ, ಬಲಕ್ಕೆ ಆರೇಳು ಸಾಲು. ಆ ಆರೇಳು ಸಾಲೇ ನಿಮ್ಮ ಟಿಕೆಟ್‌ನ ಬೆಲೆ. ಸ್ಲೈಡ್‌ಗಳ ಫೋಟೋ ತೆಗೆಯುತ್ತಾ ಕೂರಬೇಡಿ, ಅವನ್ನು ಮತ್ತೆ ತೆರೆದು ನೋಡಿದವರನ್ನು ನಾನು ಕಂಡಿಲ್ಲ.

ಟಾಕ್ ಮುಗಿದ ಮೇಲೆ ಮೈಕ್ ಹಿಡಿದು ಕೇಳುವುದಾದರೆ, ಪ್ರಶ್ನೆ ಒಂದೇ ವಾಕ್ಯದ್ದಾಗಿರಲಿ. ಮೊದಲೇ ಬರೆದುಕೊಂಡು ಓದಿದರೂ ಪರವಾಗಿಲ್ಲ. ನಿಮ್ಮದೇ ಅನುಭವದ ಕತೆ ಹೇಳುವುದಿದ್ದರೆ ಹೊರಗೆ ಬಂದ ಮೇಲೆ ಹೇಳಿ, ಮಾತಾಡಿದವರು ಹತ್ತು ನಿಮಿಷವಾದರೂ ಬಾಗಿಲ ಹತ್ತಿರ ನಿಂತಿರುತ್ತಾರೆ.

ಹೆಜ್ಜೆ 7: ಮಾತು ಶುರು ಮಾಡುವುದು

ಎಲ್ಲರಿಗೂ ಕಷ್ಟವಾಗುವುದು ಇಲ್ಲೇ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇನ್ನೂ ಜಾಸ್ತಿ. ಸುತ್ತ ಎಲ್ಲರೂ ಸರಾಗವಾಗಿ ಇಂಗ್ಲಿಷ್ ಮಾತಾಡುತ್ತಿರುವಾಗ ಬಾಯಿ ಕಟ್ಟಿಹೋಗುತ್ತದೆ. ನನಗೂ ಕಟ್ಟಿತ್ತು. ಅದಕ್ಕೆ ನಾನು ಕಂಡುಕೊಂಡ ಮದ್ದು: ಮೊದಲ ಎರಡು ವಾಕ್ಯವನ್ನು ಮನೆಯಲ್ಲೇ ಬಾಯಿಪಾಠ ಮಾಡಿಕೊಂಡು ಹೋಗುವುದು. ಹೆಸರು, ಊರು, ಮಾಡುವ ಕೆಲಸ ಒಂದು ವಾಕ್ಯದಲ್ಲಿ. ಕಾಡುವ ಪ್ರಶ್ನೆ ಇನ್ನೊಂದರಲ್ಲಿ. ಅಷ್ಟು ಹೇಳಿದ ಮೇಲೆ ಮಾತು ತಾನಾಗಿ ವಿಷಯಕ್ಕೆ ಹೋಗುತ್ತದೆ. ವಿಷಯಕ್ಕೆ ಹೋದ ಮೇಲೆ ವ್ಯಾಕರಣ ಯಾರಿಗೂ ಕಾಣುವುದಿಲ್ಲ. ಕೋಡ್, ಟೇಬಲ್, ಕ್ವೆರಿ, ಎರರ್ ಇವೆಲ್ಲ ಇಬ್ಬರಿಗೂ ಗೊತ್ತಿರುವ ಪದಗಳೇ. ತಡವರಿಸಿದರೆ ಪೆನ್ನು ತೆಗೆದು ಚಿತ್ರ ಬರೆಯಿರಿ. "ಕನ್ನಡ ಬರುತ್ತಾ?" ಅಂತ ಕೇಳಲು ಹಿಂಜರಿಯಬೇಡಿ. ಬೆಂಗಳೂರಿನ ಕಾನ್ಫರೆನ್ಸ್‌ಗಳಲ್ಲಿ ಈ ಪ್ರಶ್ನೆಗೆ "ಅಯ್ಯೋ, ಬರುತ್ತೆ, ಹೇಳಿ" ಅನ್ನುವ ಉತ್ತರ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ.

ಒಂಟಿಯಾಗಿ ನಿಂತವರನ್ನು ಮೊದಲು ಮಾತಾಡಿಸಿ. "ಈಗ ಯಾವ ಟಾಕ್ ಕೇಳಿದ್ರಿ? ಹೇಗಿತ್ತು?" ಇಷ್ಟು ಸಾಕು. ನೀವು ಅವರ ಮುಜುಗರವನ್ನೂ ಕಳೆದ ಹಾಗೆ.

ಗುಂಪಿಗೆ ಸೇರುವುದಾದರೆ ಬಿಟ್ಟಿರುವ ಜಾಗ ನೋಡಿ. ಸಾಫ್ಟ್‌ವೇರ್ ಬಳಸುವ ವಿವರಣೆ ಬರೆಯುವವರ ರೈಟ್ ದ ಡಾಕ್ಸ್ ಅನ್ನುವ ಸಮುದಾಯ ಕಟ್ಟಿದವರಲ್ಲಿ ಒಬ್ಬರಾದ ಎರಿಕ್ ಹೋಲ್ಶರ್ ಇದಕ್ಕೆ ಪ್ಯಾಕ್‌ಮ್ಯಾನ್ ನಿಯಮ ಅಂತ ಹೆಸರು ಕೊಟ್ಟರು. ವೃತ್ತವಾಗಿ ನಿಂತು ಮಾತಾಡುವಾಗ ಒಬ್ಬರು ಬಂದು ಸೇರುವಷ್ಟು ಜಾಗ ಯಾವಾಗಲೂ ತೆರೆದಿಡಬೇಕು, ವಿಡಿಯೋ ಗೇಮಿನ ಪ್ಯಾಕ್‌ಮ್ಯಾನ್ ಬಾಯಿ ತೆರೆದ ಹಾಗೆ. ಯಾರಾದರೂ ಬಂದು ಆ ಜಾಗ ತುಂಬಿದರೆ ಮತ್ತೆ ಸರಿದು ಇನ್ನೊಬ್ಬರಿಗೆ ಜಾಗ ಮಾಡಬೇಕು. ಎಷ್ಟೋ ಕಾನ್ಫರೆನ್ಸ್‌ಗಳಲ್ಲಿ ಇದನ್ನು ವೇದಿಕೆಯಿಂದಲೇ ಹೇಳುತ್ತಾರೆ. ಹೇಳದಿದ್ದರೂ ನೀವು ಪಾಲಿಸಿ. ಕಾಲೇಜು ಹುಡುಗಿಯೊಬ್ಬಳು ಗುಂಪಿನ ಹೊರಗೆ ಚೀಲ ಅಪ್ಪಿಕೊಂಡು ನಿಂತಿರುತ್ತಾಳೆ. ಒಂದು ಹೆಜ್ಜೆ ಸರಿದು "ಬಾಮ್ಮಾ, ಬಾ" ಅಂದರೆ ಅವಳ ಎರಡು ದಿನವೇ ಬದಲಾಗಬಹುದು.

ನಿಮ್ಮ ಆಫೀಸಿನವರು ನಾಲ್ಕು ಜನ ಬಂದಿದ್ದೀರಿ ಅಂದುಕೊಳ್ಳಿ. ಊಟಕ್ಕೆ ನಾಲ್ವರೂ ಒಂದೇ ಮೇಜಿಗೆ ಕೂರಬೇಡಿ. ಬೇರೆ ಬೇರೆ ಕಡೆ ಕೂತು, ಸಂಜೆ ಸೇರಿ ಏನು ಕೇಳಿದಿರಿ ಅಂತ ಹಂಚಿಕೊಳ್ಳಿ. ನಾಲ್ಕು ಪಟ್ಟು ಸಿಗುತ್ತದೆ.

ಮಾತು ಮುಗಿಸುವುದೂ ಒಂದು ಕಲೆ. "ನಿಮ್ಮನ್ನ ಮಾತಾಡಿಸಿ ತುಂಬಾ ಖುಷಿಯಾಯ್ತು, ಇನ್ನೊಬ್ಬರನ್ನ ನೋಡಬೇಕಿದೆ, ಸಂಜೆ ಸಿಗೋಣ" ಅಂತ ನೇರವಾಗಿ ಹೇಳಿ. ಫೋನ್ ನೋಡುತ್ತಾ ಜಾರಿಕೊಳ್ಳುವುದಕ್ಕಿಂತ ಇದು ಮರ್ಯಾದೆ. ನಂಬರ್ ತಗೊಂಡರೆ ಅಲ್ಲೇ ನಿಂತು, ಹೆಸರಿನ ಮುಂದೆ ಒಂದು ಗುರುತು ಸೇರಿಸಿ: "ಆಟೋವ್ಯಾಕ್ಯೂಮ್, ಊಟದ ಸಾಲು" ಅಂತ. ವಾರ ಕಳೆದರೆ ಬರೀ ಹೆಸರು ನೆನಪು ಉಳಿಯುವುದಿಲ್ಲ.

ಮಧ್ಯೆ ಸುಸ್ತಾದರೆ ಹೊರಗೆ ಹೋಗಿ ಮರದ ಕೆಳಗೆ ಇಪ್ಪತ್ತು ನಿಮಿಷ ಕೂತು ಬನ್ನಿ. ಮಾತು ಕಡಿಮೆ ಇರುವವರಿಗೆ ಇದು ಬೇಕೇ ಬೇಕು. ಏನೂ ನಷ್ಟವಿಲ್ಲ.

ಇನ್ನೊಂದು ಮುಖ್ಯ ಮಾತು. ಕಾನ್ಫರೆನ್ಸ್‌ನ ನಡತೆ ನಿಯಮಗಳನ್ನು ಮೊದಲೇ ಓದಿ. ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ಯಾರಿಗೆ ಹೇಳಬೇಕು ಅನ್ನುವ ನಂಬರ್ ಅದರಲ್ಲಿರುತ್ತದೆ, ಅದನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ನಿಮಗೇ ಆಗಬೇಕಂತಿಲ್ಲ, ಬೇರೆಯವರಿಗೆ ಆದದ್ದು ಕಂಡರೂ ಹೇಳಿ. ಯಾರ ಫೋಟೋ ತೆಗೆಯುವುದಿದ್ದರೂ ಕೇಳಿಯೇ ತೆಗೆಯಿರಿ.

ಹೆಜ್ಜೆ 8: ಸ್ಟಾಲ್‌ಗಳು

ಒಂದು ಸುತ್ತು ಸಾಕು. ಕೆಲಸ ಹುಡುಕುತ್ತಿದ್ದರೆ, ಸ್ಟಾಲ್‌ನಲ್ಲಿ ನಿಂತಿರುವವರಲ್ಲಿ ಎಂಜಿನಿಯರ್ ಯಾರು ಅಂತ ಕೇಳಿ ಅವರ ಜೊತೆ ಮಾತಾಡಿ. "ನಿಮ್ಮ ಟೀಮಿನಲ್ಲಿ ಹೊಸಬರು ಮೊದಲ ತಿಂಗಳು ಏನು ಮಾಡ್ತಾರೆ?" ಅನ್ನುವ ಪ್ರಶ್ನೆಗೆ ಬರುವ ಉತ್ತರ ಆ ಕಂಪನಿಯ ಬಗ್ಗೆ ಬಹಳ ಹೇಳುತ್ತದೆ. ಉಚಿತ ಟೀ ಶರ್ಟ್‌ಗೋಸ್ಕರ ಬ್ಯಾಡ್ಜ್ ಸ್ಕ್ಯಾನ್ ಮಾಡಿಸಿದರೆ ನಿಮ್ಮ ಮೇಲ್ ಐಡಿ ಅವರಿಗೆ ಹೋಗುತ್ತದೆ, ವರ್ಷವಿಡೀ ಮೇಲ್ ಬರುತ್ತದೆ. ಜಿಮೇಲ್ ಐಡಿಯಲ್ಲಿ ನಿಮ್ಮ ಹೆಸರು ಮುಗಿದ ಮೇಲೆ, @ ಬರುವ ಮುಂಚೆ, ಪ್ಲಸ್ ಚಿಹ್ನೆ ಹಾಕಿ ಒಂದು ಪದ ಸೇರಿಸಿದರೂ ಮೇಲ್ ನಿಮಗೇ ಬರುತ್ತದೆ. ರಿಜಿಸ್ಟರ್ ಮಾಡುವಾಗ ಹಾಗೆ ಕೊಟ್ಟರೆ ಆಮೇಲೆ ಒಂದೇ ಫಿಲ್ಟರ್‌ನಲ್ಲಿ ಎಲ್ಲವನ್ನೂ ಪಕ್ಕಕ್ಕೆ ಸರಿಸಬಹುದು.

ಹೆಜ್ಜೆ 9: ನೀವೂ ಐದು ನಿಮಿಷ ಮಾತಾಡಿ

ಲೈಟ್ನಿಂಗ್ ಟಾಕ್ ಅಂತ ಇರುತ್ತದೆ. ಒಬ್ಬರಿಗೆ ಐದೇ ನಿಮಿಷ. ಎಷ್ಟೋ ಕಡೆ ಅವತ್ತು ಬೆಳಿಗ್ಗೆ ಹೆಸರು ಬರೆಸಿದರೆ ಸಾಕು. ಮೊದಲ ಸಲ ವೇದಿಕೆ ಹತ್ತುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಹಾಲ್ ಇಡೀ ನಿಮ್ಮ ಪರ ಇರುತ್ತದೆ. ಮೂರು ಸ್ಲೈಡ್ ಸಾಕು: ತೊಂದರೆ ಏನು, ಏನು ಮಾಡಿದೆವು, ಏನಾಯಿತು. ಮನೆಯಲ್ಲಿ ಗಡಿಯಾರ ಇಟ್ಟು ನಾಲ್ಕು ಸಲ ಹೇಳಿ ನೋಡಿ. ನಾಲ್ಕು ನಿಮಿಷಕ್ಕೆ ಮುಗಿಯುವ ಹಾಗೆ ಇಳಿಸಿ, ವೇದಿಕೆ ಮೇಲೆ ಅದೇ ಐದಾಗುತ್ತದೆ.

ಒತ್ತಕ್ಷರ ಒಡೆಯುವ ಬಿಲ್‌ಗಳ ಬಗ್ಗೆ ನಾನು ಹೀಗೆ ಐದು ನಿಮಿಷ ಮಾತಾಡಿದೆ. "ಸ್ತ್ರೀ" ಅನ್ನುವ ಒಂದು ಪದ ಮೂರು ಬೇರೆ ಬೇರೆ ಕಡೆ ಹೇಗೆ ಮುದ್ರಣವಾಗುತ್ತದೆ ಅಂತ ಪರದೆ ಮೇಲೆ ತೋರಿಸಿದೆ, ಅಷ್ಟೇ. ಇಳಿದು ಬಂದಾಗ ಮಲಯಾಳಂ, ಬಾಂಗ್ಲಾ, ತೆಲುಗಿನವರು ಬಾಗಿಲ ಹತ್ತಿರ ಕಾಯುತ್ತಿದ್ದರು. ಎರಡು ದಿನ ನಾನು ಜನರನ್ನು ಹುಡುಕಿಕೊಂಡು ಹೋಗುತ್ತಿದ್ದೆ. ಆ ಐದು ನಿಮಿಷದ ನಂತರ ಜನ ನನ್ನನ್ನು ಹುಡುಕಿಕೊಂಡು ಬಂದರು.

ಓಪನ್ ಸ್ಪೇಸ್ ಇದ್ದರೆ ಬೋರ್ಡಿನ ಮೇಲೆ ಒಂದು ವಿಷಯ ಬರೆದು ಚೀಟಿ ಅಂಟಿಸಿ: "ಕನ್ನಡ ಓಸಿಆರ್, 3 ಗಂಟೆಗೆ." ಓಸಿಆರ್ ಅಂದರೆ ಪುಟದ ಚಿತ್ರ ನೋಡಿ ಅದರಲ್ಲಿರುವ ಅಕ್ಷರ ಗುರುತಿಸುವುದು. ಟೆಸರಾಕ್ಟ್‌ನಂಥ ಮುಕ್ತ ತಂತ್ರಾಂಶದಲ್ಲಿ ಕನ್ನಡ ಇದೆ, ಆದರೆ ಹಳೆಯ ಮುದ್ರಣದ ಪುಟ ಕೊಟ್ಟರೆ ಪರದಾಡುತ್ತದೆ. ಇದರ ಮೇಲೆ ಒಂಟಿಯಾಗಿ ಕೆಲಸ ಮಾಡುತ್ತಿರುವವರು ಎಲ್ಲೆಲ್ಲೋ ಇದ್ದಾರೆ. ಚೀಟಿ ನೋಡಿ ಮೂರೇ ಜನ ಬಂದರೂ ಆ ಒಂದು ಗಂಟೆ ಸಾರ್ಥಕ.

ಕೊನೆಯ ದಿನ ಸ್ಪ್ರಿಂಟ್ ಇದ್ದರೆ, ಅಂದರೆ ಎಲ್ಲರೂ ಕೂತು ಒಂದು ಮುಕ್ತ ತಂತ್ರಾಂಶಕ್ಕೆ ಕೋಡ್ ಬರೆಯುವ ದಿನ, ರಜೆ ಒಂದು ದಿನ ಜಾಸ್ತಿ ಹಾಕಿ ಉಳಿಯಿರಿ. ಜನ ಕಡಿಮೆ ಇರುತ್ತಾರೆ, ಆ ತಂತ್ರಾಂಶ ಬರೆದವರೇ ನಿಮ್ಮ ಪಕ್ಕದ ಕುರ್ಚಿಯಲ್ಲಿ ಇರುತ್ತಾರೆ.

ಹೆಜ್ಜೆ 10: ಬಂದ ಮೇಲೆ

ವಾಪಸ್ ಬರುವ ರೈಲಿನಲ್ಲಿ, ನಿದ್ದೆ ಬರುವ ಮುಂಚೆ, "ಸೋಮವಾರ" ಕಾಲಂ ತೆಗೆದು ನೋಡಿ. ಅದರಲ್ಲಿ ಒಂದನ್ನು ಆರಿಸಿ ಸುತ್ತು ಹಾಕಿ. ಒಂದೇ. ಆರೂ ಮಾಡುತ್ತೇನೆ ಅಂತ ಹೊರಟರೆ ಒಂದೂ ಆಗುವುದಿಲ್ಲ.

ಎರಡು ದಿನದೊಳಗೆ ಭೇಟಿಯಾದವರಿಗೆ ಸಂದೇಶ ಕಳಿಸಿ. ತಡ ಮಾಡಿದಷ್ಟೂ ಸಂಕೋಚ ಬೆಳೆಯುತ್ತದೆ. ಹೀಗಿದ್ದರೆ ಸಾಕು: "ನಮಸ್ಕಾರ, ಶನಿವಾರ ಊಟದ ಸಾಲಿನಲ್ಲಿ ಸಿಕ್ಕಿದ್ದೆ, ಹುಬ್ಬಳ್ಳಿ, ಬಿಲ್ಲಿಂಗ್. ನೀವು ಹೇಳಿದ ಹಾಗೆ 0.01 ಮಾಡಿದೆ, ಈ ತಿಂಗಳ ಕೊನೆಗೆ ಹೇಗಾಯ್ತು ಅಂತ ತಿಳಿಸ್ತೀನಿ." ಆಮೇಲೆ ಮರೆಯದೆ ತಿಳಿಸಿ. ಸಲಹೆ ಕೊಟ್ಟವರಿಗೆ ಅದು ಫಲಿಸಿತೋ ಇಲ್ಲವೋ ಅಂತ ಯಾರೂ ಹೇಳುವುದಿಲ್ಲ. ನೀವು ಹೇಳಿದರೆ ಮುಂದಿನ ಸಲ ಫೋನ್ ಮಾಡಿದಾಗ ಅವರು ಎತ್ತುತ್ತಾರೆ. ನನಗೆ ಟಿಶ್ಯೂ ಪೇಪರ್ ಕೊಟ್ಟವರು ಈಗಲೂ ಎತ್ತುತ್ತಾರೆ.

ಟೀಮಿಗೆ ಅರ್ಧ ಗಂಟೆಯ ಮಾತು ಅದೇ ವಾರ ಮುಗಿಸಿ. ಕೇಳಿದ್ದೆಲ್ಲ ಹೇಳಬೇಡಿ. ನಮ್ಮ ಕೆಲಸಕ್ಕೆ ತಾಗುವ ಮೂರು ವಿಷಯ, ನೋಡಲೇಬೇಕಾದ ಎರಡು ವಿಡಿಯೋ. ಒಂದು ಪುಟದಲ್ಲಿ ಬರೆದು ಮ್ಯಾನೇಜರ್‌ಗೂ ಕಳಿಸಿ. ಮುಂದಿನ ವರ್ಷ ಹಣ ಕೇಳುವಾಗ ಅದೇ ಪುಟ ತೋರಿಸಬಹುದು.

ಮೂರು ತಿಂಗಳಾದ ಮೇಲೆ ಕ್ಯಾಲೆಂಡರ್‌ನಲ್ಲಿ ಒಂದು ನೆನಪಿನ ಗಂಟೆ ಇಟ್ಟುಕೊಳ್ಳಿ. ಸುತ್ತು ಹಾಕಿದ್ದು ಆಯಿತಾ? ಆಗಿದ್ದರೆ ಏನು ಕಲಿತಿರಿ? ಅದನ್ನು ಅರ್ಧ ಪುಟ ಬರೆದಿಡಿ. ಕಾನ್ಫರೆನ್ಸ್‌ನವರು ಮುಂದಿನ ವರ್ಷಕ್ಕೆ ಟಾಕ್ ಪ್ರಸ್ತಾವನೆ ಕರೆಯುವುದು ಸಾಮಾನ್ಯವಾಗಿ ಹಲವು ತಿಂಗಳು ಮುಂಚೆ. ಆ ಅರ್ಧ ಪುಟವೇ ನಿಮ್ಮ ಪ್ರಸ್ತಾವನೆ. ತಿರಸ್ಕಾರ ಆದರೆ ಯಾಕೆ ಅಂತ ಒಂದು ಸಾಲು ಕೇಳಿ, ಎಷ್ಟೋ ಕಡೆ ಉತ್ತರ ಕೊಡುತ್ತಾರೆ. ಅದನ್ನು ತಿದ್ದಿ ನಿಮ್ಮ ಊರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಕನ್ನಡದಲ್ಲೇ, ಮೊದಲು ಹೇಳಿ ನೋಡಿ.